ಉಲ್ಕಾ ರೇಡಾರ್‌ನಿಂದ 90 ಕಿ.ಮೀ. ಎತ್ತರದ ತಾಪಮಾನ: ಸೇಬರ್ ಉಪಗ್ರಹ ಉಪಕರಣದ ಅಂಕಿಗಿಂತ 20 ಕೆಲ್ವಿನ್ ಜಾಸ್ತಿ ಬರುತ್ತಿದೆ, ಎಲ್ಲಿ ಹುಡುಕಬೇಕು?

ಮೇಲ್ಗಾಳಿ

ಉಲ್ಕೆಗಳು ಬಿಟ್ಟುಹೋಗುವ ಅಯಾನು ಜಾಡಿನ ಎಕೋ ಹಿಡಿಯುವ ಈ ರೇಡಾರ್ 35.25 ಮೆಗಾಹರ್ಟ್ಸ್‌ನದು, ದಕ್ಷಿಣ ಭಾರತದ ಅಕ್ಷಾಂಶ. ರಿಸೀವರ್ ಕಡೆ ಐದು ಆಂಟೆನಾ, ಶಿಲುಬೆ ಜೋಡಣೆ, ತೋಳುಗಳು 2 ಮತ್ತು 2.5 ಅಲೆಯುದ್ದ. ಪಲ್ಸ್ 13.3 ಮೈಕ್ರೊಸೆಕೆಂಡ್, ಪಿಆರ್‌ಎಫ್ (ಸೆಕೆಂಡಿಗೆ ಕಳಿಸುವ ಪಲ್ಸ್‌ಗಳ ಸಂಖ್ಯೆ) 2144 ಹರ್ಟ್ಸ್, ನಾಲ್ಕು ಪಲ್ಸ್‌ಗೆ ಒಂದು ಸ್ಯಾಂಪಲ್. ಗಾಳಿಯ ಲೆಕ್ಕ ಚೆನ್ನಾಗಿಯೇ ಬರುತ್ತಿದೆ. ತೊಂದರೆ ಇರುವುದು ತಾಪಮಾನದಲ್ಲಿ.

ಮಾಡುತ್ತಿರುವ ವಿಧಾನ ಎಲ್ಲರೂ ಮಾಡುವ ಇಳಿಜಾರಿನ ವಿಧಾನವೇ. ಪ್ರತಿ ಎಕೋದ ಕ್ಷಯಕಾಲ ಟೌ (ಎಕೋ ಕ್ಷೀಣಿಸಲು ಹಿಡಿಯುವ ಕಾಲ) ತೆಗೆದುಕೊಂಡು, ಲಾಗ್ (1/ಟೌ) ಅನ್ನು ಎತ್ತರದ ಎದುರು ಹಾಕಿ ಸರಳರೇಖೆ ಎಳೆಯುವುದು. ಲಾಗ್ ಹತ್ತರ ಆಧಾರದ್ದು. ಒಂದು ದಶಕಕ್ಕೆ ಎಷ್ಟು ಕಿ.ಮೀ. ಎಂಬ ಇಳಿಜಾರು ಎಸ್ ಆದರೆ,

ತಾಪಮಾನ = 0.4343 × ಎಸ್ × (33.2 + 2 × ತಾಪಮಾನದ ಗ್ರೇಡಿಯೆಂಟ್)

33.2 ಎನ್ನುವುದು 90 ಕಿ.ಮೀ.ನಲ್ಲಿ ಗಾಳಿಯ ಅಣುವಿನ ದ್ರವ್ಯರಾಶಿ × ಗುರುತ್ವ ÷ ಬೋಲ್ಟ್ಸ್‌ಮನ್ ಸ್ಥಿರಾಂಕ, ಕಿ.ಮೀ.ಗೆ ಕೆಲ್ವಿನ್‌ನಲ್ಲಿ. ಗ್ರೇಡಿಯೆಂಟ್, ಅಂದರೆ ಎತ್ತರದ ಜೊತೆ ತಾಪಮಾನ ಬದಲಾಗುವ ದರ, ಕಿ.ಮೀ.ಗೆ −2 ಕೆಲ್ವಿನ್ ಎಂದು ಇಟ್ಟಿದ್ದೇನೆ. ಎಸ್ 16.2 ಬರುತ್ತದೆ, ತಾಪಮಾನ 205 ಕೆಲ್ವಿನ್. ಅದೇ ತಿಂಗಳು, ಅದೇ ಅಕ್ಷಾಂಶಕ್ಕೆ ಸೇಬರ್ ಕೊಡುವುದು 185ರ ಆಸುಪಾಸು. ಅಕ್ಷ ಅದಲುಬದಲು ಮಾಡಿ, ಎತ್ತರವನ್ನು ಲಾಗ್ (1/ಟೌ) ಮೇಲೆ ಫಿಟ್ ಮಾಡಿದರೆ ಎಸ್ 12.25ಕ್ಕೆ ಇಳಿಯುತ್ತದೆ, ತಾಪಮಾನ 155. ಒಂದೇ ದತ್ತಾಂಶದಲ್ಲಿ 50 ಕೆಲ್ವಿನ್ ವ್ಯತ್ಯಾಸ! ಎತ್ತರಗಳ ಒಟ್ಟು ಹರಡುವಿಕೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 4.65 ಕಿ.ಮೀ. ಜೆನಿತ್ ಕೋನ (ನೆತ್ತಿಯಿಂದ ಅಳೆದ ಕೋನ) 10ರಿಂದ 60 ಡಿಗ್ರಿ, ಅಂಡರ್‌ಡೆನ್ಸ್ (ಎಲೆಕ್ಟ್ರಾನ್ ಸಾಂದ್ರತೆ ಕಡಿಮೆ ಇರುವ ಜಾಡಿನ) ಎಕೋಗಳು ಮಾತ್ರ.

ಯಾವ ಫಿಟ್ ನಂಬಬೇಕು? ಅಥವಾ ತಪ್ಪು ಇನ್ನೆಲ್ಲಾದರೂ ಇದೆಯೇ?

ಅಲೆಯುದ್ದ

ಎರಡನ್ನೂ ನಂಬಬೇಡಿ. ಆದರೆ ಆ ಎರಡು ಅಂಕಿಗಳನ್ನು ಎಸೆಯಲೂ ಬೇಡಿ, ಉತ್ತರ ಅವುಗಳ ನಡುವೆಯೇ ಇದೆ.

ಸಾಮಾನ್ಯ ಲೀಸ್ಟ್ ಸ್ಕ್ವೇರ್ ಫಿಟ್, ಅಡ್ಡ ಅಕ್ಷದಲ್ಲಿರುವ ಅಳತೆಗೆ ದೋಷವೇ ಇಲ್ಲ ಎಂದುಕೊಂಡು ಲೆಕ್ಕ ಹಾಕುತ್ತದೆ. ಇಲ್ಲಿ ಎರಡೂ ಅಳತೆಗಳಲ್ಲಿ ದೋಷ ಇದೆ. ಎತ್ತರ ಅಡ್ಡ ಅಕ್ಷದಲ್ಲಿದ್ದಾಗ ಎತ್ತರದ ದೋಷ ರೇಖೆಯನ್ನು ಮಲಗಿಸುತ್ತದೆ. ಎತ್ತರ ಏರಿದಂತೆ ಲಾಗ್ (1/ಟೌ) ನಿಜಕ್ಕಿಂತ ನಿಧಾನವಾಗಿ ಏರುತ್ತಿರುವಂತೆ ಕಾಣುತ್ತದೆ, ಅಂದರೆ ಒಂದು ದಶಕಕ್ಕೆ ಬೇಕಾದ ಕಿ.ಮೀ. ಹೆಚ್ಚುತ್ತದೆ, ತಾಪಮಾನವೂ ಏರುತ್ತದೆ. ನಿಮ್ಮ 205 ಬಂದದ್ದು ಹೀಗೆ. ಅಕ್ಷ ಬದಲಿಸಿದಾಗ ಟೌ ಚದುರಿಕೆ ಅದೇ ಕೆಲಸವನ್ನು ಎದುರು ದಿಕ್ಕಿನಲ್ಲಿ ಮಾಡುತ್ತದೆ, 155 ಬರುತ್ತದೆ. ಹೆಚ್ಚು ಎಕೋ ಸೇರಿಸಿದರೆ ಇದು ಸರಿಹೋಗುವುದಿಲ್ಲ. ಐದು ಸಾವಿರ ಎಕೋ ಇದ್ದರೆ ನಿಮ್ಮ ಚದುರಿಕೆಗೆ ಫಿಟ್‌ನ ಯಾದೃಚ್ಛಿಕ ದೋಷ 2 ಕೆಲ್ವಿನ್‌ಗಿಂತ ಕಡಿಮೆಯೇ ಆಗುತ್ತದೆ, ಆದರೆ ತಪ್ಪು ಅಂಕಿಯೇ ಇನ್ನಷ್ಟು ನಿಖರವಾಗಿ ಸಿಗುತ್ತದೆ ಅಷ್ಟೆ.

ಎತ್ತರದ ದೋಷ ಎಷ್ಟು ಅಂತ ಮೊದಲು ಗೊತ್ತಾಗಬೇಕು. ರೇಂಜ್‌ನಿಂದ ಬರುವ ಪಾಲು ಸಣ್ಣದು: 2 ಕಿ.ಮೀ. ಗೇಟ್ ಅಂದರೆ ಸುಮಾರು 0.6 ಕಿ.ಮೀ. ದೋಷ, ಅದನ್ನೂ ಜೆನಿತ್ ಕೋನದ ಕೊಸೈನ್ ತಗ್ಗಿಸುತ್ತದೆ. ಕೋನದಿಂದ ಬರುವುದೇ ದೊಡ್ಡದು. 90 ಕಿ.ಮೀ. ಎತ್ತರದ ಉಲ್ಕೆ 30 ಡಿಗ್ರಿಯಲ್ಲಿ ಕಂಡರೆ ರೇಂಜ್ 104 ಕಿ.ಮೀ.; ಕೋನದಲ್ಲಿ 1 ಡಿಗ್ರಿ ತಪ್ಪಿದರೆ ಎತ್ತರದಲ್ಲಿ 0.9 ಕಿ.ಮೀ. ತಪ್ಪುತ್ತದೆ. 50 ಡಿಗ್ರಿಯಲ್ಲಿ ರೇಂಜ್ 140, ಎತ್ತರದ ತಪ್ಪು 1.9 ಕಿ.ಮೀ. 60 ಡಿಗ್ರಿಯಲ್ಲಿ 2.7. ಎಕೋಗಳಲ್ಲಿ ಬಹುಪಾಲು ಬರುವುದು ದೊಡ್ಡ ಕೋನಗಳಿಂದಲೇ, ಹಾಗಾಗಿ ಇಡೀ ದತ್ತಾಂಶದ ಮೇಲೆ ಅವುಗಳದ್ದೇ ಮೇಲುಗೈ.

ನಿಮ್ಮ ಅಂಕಿಗಳಿಗೆ ಇದನ್ನು ಹಚ್ಚಿ ನೋಡೋಣ. ಎತ್ತರದ ಒಟ್ಟು ವೇರಿಯನ್ಸ್ 4.65ರ ವರ್ಗ, ಅಂದರೆ 21.6. ಸರಾಸರಿ ಎತ್ತರದ ದೋಷ 1.5 ಕಿ.ಮೀ. ಎಂದಿಟ್ಟುಕೊಂಡರೆ ಅದರ ವರ್ಗ 2.25. ನಿಜವಾದ ಹರಡುವಿಕೆ 21.6 − 2.25 = 19.4. ಮೊದಲ ಫಿಟ್‌ನ ಎಸ್ ಅನ್ನು ಈ ಅನುಪಾತದಲ್ಲಿ ತಗ್ಗಿಸಿ: 16.2 × 19.4 ÷ 21.6 = 14.5. ತಾಪಮಾನ 0.4343 × 14.5 × 29.2 = 184 ಕೆಲ್ವಿನ್. ಸೇಬರ್ ಪಕ್ಕಕ್ಕೇ ಬಂತು. ಆದರೆ ದಯವಿಟ್ಟು 1.5 ಅನ್ನು ಹಾಗೇ ಎತ್ತಿಕೊಂಡು ಬಳಸಬೇಡಿ. ಸೇಬರ್‌ಗೆ ಹೊಂದಲಿ ಅಂತ ದೋಷದ ಅಂಕಿಯನ್ನು ಆರಿಸಿದರೆ ಅದು ಅಳತೆ ಆಗುವುದಿಲ್ಲ. ಅದನ್ನು ರೇಡಾರ್‌ನಿಂದಲೇ ತೆಗೆಯಬೇಕು.

ಅದಕ್ಕೆ ಎರಡು ಪರೀಕ್ಷೆ ಮಾಡಿ. ಎಕೋಗಳನ್ನು ಜೆನಿತ್ ಕೋನದ ಮೂರು ಗುಂಪು ಮಾಡಿ: 10–30, 30–45, 45–60. ಪ್ರತಿ ಗುಂಪಿಗೂ ಪ್ರತ್ಯೇಕ ಎಸ್ ತೆಗೆಯಿರಿ. ವಾತಾವರಣ ಮೂರಕ್ಕೂ ಒಂದೇ. ಎಸ್ ಕೋನದ ಜೊತೆ ಏರುತ್ತಾ ಹೋದರೆ ಅಪರಾಧಿ ಎತ್ತರದ ದೋಷವೇ, ಸಂಶಯ ಬೇಡ. ಎರಡನೆಯದು, ಅಜಿಮತ್ (ಎಕೋ ಬಂದ ದಿಕ್ಕು) ಅನ್ನು ಎಂಟು ಭಾಗ ಮಾಡಿ ಪ್ರತಿ ಭಾಗದ ಎತ್ತರ ಹಂಚಿಕೆಯ ಶಿಖರ ಎಲ್ಲಿದೆ ನೋಡಿ. ಎದುರುಬದುರು ದಿಕ್ಕುಗಳಲ್ಲಿ ಅರ್ಧ ಕಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಯಾವುದೋ ಆಂಟೆನಾದ ಕೇಬಲ್ ಫೇಸ್ (ಅಲೆಯ ಹಂತ) ಸರಿಯಿಲ್ಲ.

ಇನ್ನೊಂದು ಮಾತು, ಇದರಲ್ಲಿ ಬಹಳ ಜನ ಎಡವುತ್ತಾರೆ. ಫಿಟ್‌ಗೆ 85–95 ಕಿ.ಮೀ. ಎಂದು ಎತ್ತರವನ್ನು ಕತ್ತರಿಸುವುದು ಸರಿ. ಆದರೆ ಮೇಲಿನ ತಿದ್ದುಪಡಿಗೆ ಬಳಸುವ ವೇರಿಯನ್ಸ್ ಕತ್ತರಿಸದ ಪೂರ್ತಿ ಹಂಚಿಕೆಯದೇ ಆಗಿರಬೇಕು. 10 ಕಿ.ಮೀ. ಕಿಟಕಿಯ ವೇರಿಯನ್ಸ್ 8ರ ಸುಮಾರಿಗೆ ಇಳಿದಿರುತ್ತದೆ, ಅದರಿಂದ 2.25 ಕಳೆದರೆ ತಿದ್ದುಪಡಿ ವಿಪರೀತ ಆಗಿ ತಾಪಮಾನ 150ರ ಕಡೆ ಬೀಳುತ್ತದೆ. ಎತ್ತರದ ಮೇಲೆ ಕತ್ತರಿಸಿದಾಗ ಲಾಗ್ (1/ಟೌ) ಅನ್ನು ಎತ್ತರದ ಮೇಲೆ ಮಾಡುವ ಫಿಟ್‌ನ ಇಳಿಜಾರು ಬದಲಾಗುವುದಿಲ್ಲ, ಅಕ್ಷ ತಿರುಗಿಸಿದ ಫಿಟ್ ಮಾತ್ರ ಪೂರಾ ಕೆಡುತ್ತದೆ. ಆದ್ದರಿಂದ ಮೊದಲ ಫಿಟ್ ಇಟ್ಟುಕೊಂಡು ಅದನ್ನೇ ತಿದ್ದುವುದು ಮೇಲು.

ಭೂಮಿಯ ಗುಂಡುತನ ಸೇರಿಸಿದ್ದೀರಿ ತಾನೇ? 60 ಡಿಗ್ರಿಯಲ್ಲಿ ಅದೊಂದೇ 1.9 ಕಿ.ಮೀ. ಆಗುತ್ತದೆ, 30 ಡಿಗ್ರಿಯಲ್ಲಿ 0.2 ಮಾತ್ರ. ಬಿಟ್ಟರೆ ಕೋನದಿಂದ ಕೋನಕ್ಕೆ ಎತ್ತರ ಜಾರುತ್ತದೆ, ಹರಡುವಿಕೆ ಸುಳ್ಳೇ ಹೆಚ್ಚುತ್ತದೆ.

ಬಾನಂಗಳ

ಅಲೆಯುದ್ದ ಅವರು ಹೇಳಿದ್ದು ಮೊದಲು ಆಗಬೇಕಾದ ಕೆಲಸ, ಒಪ್ಪುತ್ತೇನೆ. ಆದರೆ 184 ಬಂತು ಅಂತ ನೆಮ್ಮದಿಯಿಂದ ಕೂರುವ ಹಾಗಿಲ್ಲ, ಏಕೆಂದರೆ ಸೂತ್ರದಲ್ಲಿ ಇನ್ನೊಂದು ಅಂಕಿ ಹೊರಗಿನಿಂದ ತಂದದ್ದು: ಗ್ರೇಡಿಯೆಂಟ್. ಎಸ್ 14.5 ಇರುವಾಗ ಗ್ರೇಡಿಯೆಂಟ್ ಕಿ.ಮೀ.ಗೆ 1 ಕೆಲ್ವಿನ್ ತಪ್ಪಿದರೆ ಉತ್ತರ 12.6 ಕೆಲ್ವಿನ್ ತಪ್ಪುತ್ತದೆ. −2 ಬದಲು −1 ಹಾಕಿ, 197 ಬರುತ್ತದೆ; −3 ಹಾಕಿ, 171. ಹಾಗಾದರೆ ಈ ವಿಧಾನದಿಂದ ರೇಡಾರ್ ತಾನೊಂದೇ ತಾಪಮಾನವನ್ನು ಅಳೆಯುತ್ತದೆ ಅನ್ನುವುದು ಅರ್ಧ ಸತ್ಯ. ಅದು ಅಳೆಯುವುದು ಇಳಿಜಾರನ್ನು.

ಸ್ಟ್ಯಾಂಡರ್ಡ್ ಅಟ್ಮಾಸ್ಫಿಯರ್ ಕೋಷ್ಟಕದಿಂದ ಗ್ರೇಡಿಯೆಂಟ್ ತೆಗೆದುಕೊಳ್ಳಬೇಡಿ. ಅದರಲ್ಲಿ 86ರಿಂದ 91 ಕಿ.ಮೀ.ವರೆಗೆ ತಾಪಮಾನ 186.87 ಕೆಲ್ವಿನ್ ಎಂದು ಸಪಾಟಾಗಿಯೇ ಇದೆ, ಗ್ರೇಡಿಯೆಂಟ್ ಸೊನ್ನೆ. ನಮ್ಮ ಅಕ್ಷಾಂಶಗಳಲ್ಲಿ ಮೀಸೋಪಾಸ್ (ತಾಪಮಾನ ಅತಿ ಕಡಿಮೆ ಇರುವ ಎತ್ತರ) ಸಾಮಾನ್ಯವಾಗಿ 95ರಿಂದ 100 ಕಿ.ಮೀ. ನಡುವೆ ಇರುವುದರಿಂದ 90ರಲ್ಲಿ ತಾಪಮಾನ ಇನ್ನೂ ಇಳಿಯುತ್ತಲೇ ಇರುತ್ತದೆ. ಧ್ರುವದ ಬೇಸಿಗೆಯಲ್ಲಾದರೆ ಮೀಸೋಪಾಸ್ 85–88ಕ್ಕೇ ಬಂದುಬಿಡುತ್ತದೆ, ಆಗ 90ರಲ್ಲಿ ಗ್ರೇಡಿಯೆಂಟ್ ಧನಾತ್ಮಕವೂ ಆಗಬಹುದು. ಹಾಗಾಗಿ ನಿಮ್ಮ ಅಕ್ಷಾಂಶದ, ಆಯಾ ತಿಂಗಳಿನ ಸೇಬರ್ ಸರಾಸರಿಯಿಂದ ಗ್ರೇಡಿಯೆಂಟ್ ತೆಗೆಯಿರಿ. ಅದನ್ನೂ ಒಂದು ಬಿಂದುವಿನಲ್ಲಿ ಅಲ್ಲ, ಫಿಟ್ ಮಾಡಿದ ಕಿಟಕಿಯ ಉದ್ದಕ್ಕೂ, ಉಲ್ಕೆಗಳ ಎತ್ತರ ಹಂಚಿಕೆಯ ತೂಕ ಕೊಟ್ಟು.

ಕಿಟಕಿ 85–95 ಇರಬೇಕು ಎನ್ನುವುದಕ್ಕೂ ಕಾರಣ ಇದೆ. 35.25 ಮೆಗಾಹರ್ಟ್ಸ್‌ನಲ್ಲಿ 80 ಕಿ.ಮೀ. ಹತ್ತಿರ ಬರೀ ವಿಸರಣದಿಂದ ಟೌ 0.75 ಸೆಕೆಂಡಿನಷ್ಟು ಇರಬೇಕು. ವಾಸ್ತವದಲ್ಲಿ ಅದಕ್ಕಿಂತ ಬೇಗ ಎಕೋ ಸಾಯುತ್ತದೆ. ಅಲ್ಲಿ ಜಾಡಿನ ಎಲೆಕ್ಟ್ರಾನ್‌ಗಳು ಬರೀ ಹರಡಿ ಹೋಗುವುದಿಲ್ಲ, ಅಣುಗಳಿಗೂ ಉಲ್ಕಾ ಧೂಳಿಗೂ ಅಂಟಿಕೊಂಡು ಕಳೆದುಹೋಗುತ್ತವೆ. ಲಾಗ್ (1/ಟೌ) ರೇಖೆ ಕೆಳ ಎತ್ತರದ ತುದಿಯಲ್ಲಿ ಹೆಚ್ಚಿನ ಬೆಲೆಯ ಕಡೆ ಬಾಗಿದ್ದರೆ ಅದೇ ಗುರುತು. ಮೇಲ್ತುದಿಯಲ್ಲಿ 95 ದಾಟಿದ ಮೇಲೆ ಭೂಮಿಯ ಕಾಂತಕ್ಷೇತ್ರ ಎಲೆಕ್ಟ್ರಾನ್‌ಗಳನ್ನು ಕಟ್ಟಿಹಾಕಲು ಶುರುಮಾಡುತ್ತದೆ, ವಿಸರಣ ಎಲ್ಲ ದಿಕ್ಕಿಗೂ ಒಂದೇ ಆಗಿರುವುದಿಲ್ಲ. 100 ಕಿ.ಮೀ.ನಲ್ಲಿ ಟೌ ಬರೀ 24 ಮಿಲಿಸೆಕೆಂಡ್. ನಿಮ್ಮ ಸ್ಯಾಂಪಲ್ ಅಂತರ 1.87 ಮಿಲಿಸೆಕೆಂಡ್, ಒಟ್ಟು ಹದಿಮೂರು ಸ್ಯಾಂಪಲ್ ಸಿಗುತ್ತವೆ. ಅದರಲ್ಲೂ ಬೇಗ ಸಾಯುವ ಎಕೋಗಳು ಡಿಟೆಕ್ಟರ್‌ನ ಮಿತಿಯನ್ನೇ ದಾಟುವುದಿಲ್ಲ, ಉಳಿದವು ಬರೀ ದೀರ್ಘಾಯುಷಿಗಳು. ಇದೂ ಎಸ್ ಅನ್ನು ಮೇಲಕ್ಕೆ ತಳ್ಳುತ್ತದೆ.

ದಕ್ಷಿಣ ತುದಿಯ ರೇಡಾರ್‌ಗಳಿಗೆ ಇನ್ನೊಂದು ಕಾಟ ಇದೆ. ಕೇರಳದ ತುಂಬಾದಲ್ಲೂ 35.25 ಮೆಗಾಹರ್ಟ್ಸ್ ಉಲ್ಕಾ ರೇಡಾರ್ ಇದೆ, ಅದು ಕಾಂತೀಯ ಸಮಭಾಜಕದ ಹತ್ತಿರವೇ. ಅಲ್ಲಿ ಹಗಲಿನಲ್ಲಿ 100–105 ಕಿ.ಮೀ. ಎತ್ತರದ ವಿದ್ಯುತ್ ಪ್ರವಾಹದ ಏರುಪೇರುಗಳೇ ಜೋರು ಎಕೋ ಕೊಡುತ್ತವೆ, ಇಳಿಮೊಗವಾದ ಕ್ಷಯ ಕಾಣುವ ತುಣುಕುಗಳು ಉಲ್ಕೆಯ ವೇಷದಲ್ಲಿ ಒಳನುಗ್ಗುತ್ತವೆ. ಪಿಆರ್‌ಎಫ್ 2144 ಅಂದರೆ ಸ್ಪಷ್ಟ ರೇಂಜ್ ಬರೀ 70 ಕಿ.ಮೀ.; ಅದರಾಚೆಯ ಎಕೋದ ನಿಜವಾದ ರೇಂಜ್ ತೀರ್ಮಾನಿಸುವುದು ಎತ್ತರ 70–110ರೊಳಗೆ ಇರಬೇಕು ಎಂಬ ಷರತ್ತಿನಿಂದ. ಈ ಷರತ್ತಿಗೆ ಒಂದಕ್ಕಿಂತ ಹೆಚ್ಚು ಉತ್ತರ ಹೊಂದುವ ಎಕೋಗಳನ್ನು ಯಾವ ಮುಲಾಜೂ ಇಲ್ಲದೆ ಬಿಡಿ.

ಇಳಿಜಾರಿನ ಬದಲು ಒತ್ತಡದ ವಿಧಾನವನ್ನೂ ಪಕ್ಕದಲ್ಲಿ ಓಡಿಸಿ ನೋಡಿ. ವಿಸರಣ ಗುಣಾಂಕ = ಅಲೆಯುದ್ದದ ವರ್ಗ ÷ (16 × ಪೈ ವರ್ಗ × ಟೌ). ಇನ್ನೊಂದು ಕಡೆಯಿಂದ ಅದೇ ಗುಣಾಂಕ = 0.0639 × ಅಯಾನುಗಳ ಮೊಬಿಲಿಟಿ (ವಿದ್ಯುತ್ ಕ್ಷೇತ್ರದಲ್ಲಿ ಅವು ಎಷ್ಟು ಸಲೀಸಾಗಿ ಚಲಿಸುತ್ತವೆ ಎಂಬುದು) × ತಾಪಮಾನದ ವರ್ಗ ÷ ಒತ್ತಡ. ಅಲೆಯುದ್ದ 8.5 ಮೀಟರ್, 90 ಕಿ.ಮೀ.ನಲ್ಲಿ ಟೌ 0.15 ಸೆಕೆಂಡ್ ಇದ್ದರೆ ಗುಣಾಂಕ ಸೆಕೆಂಡಿಗೆ ಸುಮಾರು 3 ಚದರ ಮೀಟರ್. ಮೊಬಿಲಿಟಿ 2.5 × 10⁻⁴, ಒತ್ತಡ 0.18 ಪಾಸ್ಕಲ್ ಹಾಕಿದರೆ ತಾಪಮಾನ 184–185 ಬರುತ್ತದೆ. ಇಲ್ಲಿ ಗ್ರೇಡಿಯೆಂಟ್ ಬೇಕಿಲ್ಲ, ಆದರೆ ಒತ್ತಡ ಬೇಕು. ಒತ್ತಡ ಶೇ 10 ತಪ್ಪಿದರೆ ತಾಪಮಾನ ಶೇ 5, ಅಂದರೆ 9 ಕೆಲ್ವಿನ್ ತಪ್ಪುತ್ತದೆ. ಮೊಬಿಲಿಟಿ 2.5 ಬದಲು 2.2 ಎಂದಿಟ್ಟರೆ 12 ಕೆಲ್ವಿನ್ ಏರುತ್ತದೆ. ಜಾಡಿನಲ್ಲಿರುವ ಅಯಾನು ಯಾವ ಲೋಹದ್ದು ಎನ್ನುವುದರ ಮೇಲೆ ಅದು ನಿಂತಿದೆ.

ಈ ವಿಧಾನದಲ್ಲಿ ಒಂದು ಎಚ್ಚರಿಕೆ. ಫೈಲಿನಲ್ಲಿರುವ ಕ್ಷಯಕಾಲ ಯಾವುದು? ಆಂಪ್ಲಿಟ್ಯೂಡ್ ಅರ್ಧಕ್ಕಿಳಿಯುವ ಕಾಲವೋ, 37 ಶೇಕಡಕ್ಕೆ ಇಳಿಯುವ ಕಾಲವೋ? ಇಳಿಜಾರಿನ ವಿಧಾನಕ್ಕೆ ಎರಡೂ ಒಂದೇ, ರೇಖೆ ಪಕ್ಕಕ್ಕೆ ಸರಿಯುತ್ತದೆ ಅಷ್ಟೆ. ಒತ್ತಡದ ವಿಧಾನದಲ್ಲಿ ಅರ್ಧಕಾಲವನ್ನು ಟೌ ಎಂದು ಹಾಕಿದರೆ ತಾಪಮಾನ ಶೇ 20 ಏರುತ್ತದೆ. ಆಂಪ್ಲಿಟ್ಯೂಡ್ ಬದಲು ಪವರ್‌ನ ಕ್ಷಯ ಹಾಕಿದರೆ ಶೇ 41. ಎರಡು ವಿಧಾನಗಳ ಉತ್ತರ ಈ ಪ್ರಮಾಣದಲ್ಲಿ ದೂರ ಇದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಮೇಲ್ಗಾಳಿ

ಇಬ್ಬರಿಗೂ ಧನ್ಯವಾದ. ಭೂಮಿಯ ಗುಂಡುತನ ಸೇರಿದೆ. ಟೌ 37 ಶೇಕಡದ್ದು, ಆಂಪ್ಲಿಟ್ಯೂಡ್‌ನದು.

ಕೋನದ ಗುಂಪುಗಳು ಹೀಗೆ ಬಂದವು: 10–30 ಡಿಗ್ರಿಗೆ ಎಸ್ 15.0, 30–45ಕ್ಕೆ 15.8, 45–60ಕ್ಕೆ 17.2. ಅಂದರೆ ಏರುತ್ತಲೇ ಇದೆ. ಅಜಿಮತ್ ಪರೀಕ್ಷೆಯಲ್ಲಿ, 50 ಡಿಗ್ರಿ ಆಸುಪಾಸಿನ ಎಕೋಗಳಿಗೆ ಈಶಾನ್ಯದ ಶಿಖರ 90.8 ಕಿ.ಮೀ., ನೈಋತ್ಯದ್ದು 89.2. ವಾಯವ್ಯ–ಆಗ್ನೇಯ ಅಕ್ಷದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆಂಟೆನಾ ತೋಳುಗಳು ಈಶಾನ್ಯ–ನೈಋತ್ಯ ಮತ್ತು ವಾಯವ್ಯ–ಆಗ್ನೇಯ ದಿಕ್ಕಿನಲ್ಲೇ ಇವೆ.

ಇದರ ಜೊತೆ ಇನ್ನೊಂದು ಪ್ರಶ್ನೆ. 110 ಕಿ.ಮೀ. ಮೇಲೆ ಉಲ್ಕೆಗಳೇ ಇಲ್ಲವಲ್ಲ, ಅಲ್ಲಿ ರೇಡಾರ್‌ನಿಂದ ತಾಪಮಾನ ಹೇಗೆ ತೆಗೆಯುತ್ತಾರೆ? ಆಂಧ್ರಪ್ರದೇಶದ ಗಾದಂಕಿಯ 53 ಮೆಗಾಹರ್ಟ್ಸ್ ಎಂಎಸ್‌ಟಿ (ಮೀಸೋಸ್ಫಿಯರ್–ಸ್ಟ್ರಾಟೋಸ್ಫಿಯರ್–ಟ್ರೋಪೋಸ್ಫಿಯರ್) ರೇಡಾರ್‌ನಂಥದ್ದಕ್ಕೆ ಶಬ್ದದ ಮೂಲ ಜೋಡಿಸಿ ತಾಪಮಾನ ತೆಗೆಯುತ್ತಾರೆ, ಅದನ್ನೇ ಮೇಲಕ್ಕೂ ಒಯ್ಯಬಹುದೇ?

ಅಲೆಯುದ್ದ

ಅಜಿಮತ್ ವ್ಯತ್ಯಾಸ ಒಂದೇ ತೋಳಿನ ಉದ್ದಕ್ಕೆ ಇದೆ ಅಂದಮೇಲೆ ಹುಡುಕಾಟ ಅರ್ಧ ಮುಗಿದಂತೆ. ಆ ತೋಳಿನ ಎರಡು ಹೊರ ಆಂಟೆನಾಗಳ ನಡುವೆ 4.5 ಅಲೆಯುದ್ದ ದೂರ. ಅಲ್ಲಿ ಫೇಸ್ 10 ಡಿಗ್ರಿ ಜಾರಿದರೆ 50 ಡಿಗ್ರಿ ಜೆನಿತ್‌ನಲ್ಲಿ ಕೋನ 0.55 ಡಿಗ್ರಿ ಜಾರುತ್ತದೆ, ಎತ್ತರ 1 ಕಿ.ಮೀ. ಒಂದು ಕಡೆ ಏರುತ್ತದೆ, ಎದುರು ಕಡೆ ಅಷ್ಟೇ ಇಳಿಯುತ್ತದೆ. ನಿಮ್ಮ ವ್ಯತ್ಯಾಸ 1.6, ಅಂದರೆ ಒಂದು ಬದಿಗೆ 0.8 ಕಿ.ಮೀ., ಅಂದರೆ ಸುಮಾರು 8 ಡಿಗ್ರಿ ಫೇಸ್. ಕೇಬಲ್ ಕನೆಕ್ಟರ್‌ನಲ್ಲಿ ನೀರು ಸೇರಿದರೂ, ಪ್ರಿ-ಆಂಪ್ಲಿಫೈಯರ್ ಬದಲಾದರೂ ಇಷ್ಟು ಜಾರುವುದು ಮಾಮೂಲಿ.

ಯಾವ ಆಂಟೆನಾ ಎಂದು ಗೊತ್ತಾಗಲು ಹೀಗೆ ಮಾಡಿ. ನಡು ಆಂಟೆನಾಗೆ ಹೋಲಿಸಿ 2 ಅಲೆಯುದ್ದದ ಕಡೆಯ ಫೇಸ್ ವ್ಯತ್ಯಾಸ, 2.5 ಕಡೆಯ ಫೇಸ್ ವ್ಯತ್ಯಾಸ, ಎರಡನ್ನೂ ಪ್ರತಿ ಎಕೋಗೂ ತೆಗೆಯಿರಿ. ಫೇಸ್ ಸರಿ ಇದ್ದರೆ ಇವುಗಳ ಅನುಪಾತ 2ಕ್ಕೆ −2.5 ಆಗಲೇಬೇಕು, ಎಕೋ ಯಾವ ದಿಕ್ಕಿನಿಂದಲೇ ಬರಲಿ. ಹಾಗಾಗಿ 2.5 × ಮೊದಲ ವ್ಯತ್ಯಾಸ + 2 × ಎರಡನೇ ವ್ಯತ್ಯಾಸ ಸೊನ್ನೆಯ ಸುತ್ತ ಗುಂಪುಗೂಡಬೇಕು. 360ರ ಸುತ್ತುಗಳನ್ನು ಬಿಡಿಸಿಕೊಂಡು ನೋಡಿ. ಗುಂಪಿನ ನಡುಬಿಂದು ಸೊನ್ನೆಯಿಂದ ಸರಿದಿದ್ದರೆ ಫೇಸ್ ಜಾರಿದೆ ಎಂದು ಖಚಿತ. ಆದರೆ ಈ ಒಂದು ಅಂಕಿಯಿಂದ ಎರಡು ಆಂಟೆನಾಗಳ ಪಾಲು ಬೇರೆ ಮಾಡಲಾಗದು, ಎತ್ತರದ ಅಜಿಮತ್ ವ್ಯತ್ಯಾಸವನ್ನೂ ಜೊತೆಗಿಟ್ಟು ಎರಡು ಸಮೀಕರಣ ಬಿಡಿಸಬೇಕು. ಆಮೇಲೆ ಸೈಟಿನಲ್ಲಿ ಒಂದೇ ಸಿಗ್ನಲನ್ನು ಎರಡೂ ಕೇಬಲ್‌ಗೆ ಕೊಟ್ಟು ಖಚಿತಪಡಿಸಿಕೊಳ್ಳಿ.

ಗಾಳಿಯ ಲೆಕ್ಕ ಚೆನ್ನಾಗಿ ಬರುತ್ತಿದೆ ಎಂಬುದು ಫೇಸ್ ಸರಿಯಿದೆ ಎಂಬುದಕ್ಕೆ ಸಾಕ್ಷಿ ಅಲ್ಲ. ಅರ್ಧ ಡಿಗ್ರಿ ಕೋನ ತಪ್ಪಿದರೆ ಗಾಳಿಗೆ ಏನೂ ಆಗುವುದಿಲ್ಲ.

ಫೇಸ್ ತಿದ್ದಿದ ಕೂಡಲೇ 20 ಕೆಲ್ವಿನ್ ಹೋಗುತ್ತದೆ ಎಂದು ನಿರೀಕ್ಷಿಸಬೇಡಿ. ಅಜಿಮತ್ ಜೊತೆ ಏರಿಳಿಯುವ 0.8 ಕಿ.ಮೀ. ದೋಷದ ವೇರಿಯನ್ಸ್ 0.32 ಮಾತ್ರ. ಅದನ್ನು ತೆಗೆದರೆ ಎಸ್ 16.2ರಿಂದ 15.95ರ ಸುಮಾರಿಗೆ ಬರುತ್ತದೆ, 3 ಕೆಲ್ವಿನ್ ಲಾಭ. ಉಳಿದದ್ದು ನಾಯ್ಸ್‌ನಿಂದ ಬರುವ ಯಾದೃಚ್ಛಿಕ ಕೋನದೋಷ. ಅದಕ್ಕೆ ಎಕೋವಾರು ದೋಷ ಲೆಕ್ಕ ಹಾಕಿ ಮೊದಲು ಹೇಳಿದ ವೇರಿಯನ್ಸ್ ತಿದ್ದುಪಡಿ ಮಾಡಬೇಕು. ನಿಮ್ಮ ಮೂರು ಗುಂಪುಗಳಿಗೆ 0.8, 1.3, 1.9 ಕಿ.ಮೀ. ದೋಷ ಕೊಟ್ಟರೆ ಮೂರೂ ಕಡೆ ಎಸ್ 14.5ಕ್ಕೆ ಬಂದು ನಿಲ್ಲುತ್ತದೆ. ಈ ಮೂರು ಅಂಕಿಗಳೂ ಕೋನದಲ್ಲಿ 1 ಡಿಗ್ರಿಗಿಂತ ತುಸು ಕಡಿಮೆ ದೋಷ ಎಂದೇ ಹೇಳುತ್ತವೆ. ಸೇಬರ್ ಕಡೆ ನೋಡದೆಯೇ ಮೂರು ಗುಂಪು ಒಂದೇ ಉತ್ತರ ಕೊಡುವ ದೋಷ ಯಾವುದು ಎಂದು ಹುಡುಕುವುದೇ ಸರಿಯಾದ ದಾರಿ, ಅದು ನಿಮ್ಮ ಕೈಯಲ್ಲಿದೆ.

ಅಯಾನುರೇಖೆ

ಎರಡನೇ ಪ್ರಶ್ನೆಗೆ ಬರುತ್ತೇನೆ. ಶಬ್ದದ ವಿಧಾನ ಮೇಲಕ್ಕೆ ಹೋಗುವುದಿಲ್ಲ. ಅದರಲ್ಲಿ ಶಬ್ದದ ಅಲೆಯುದ್ದ ರೇಡಾರ್ ಅಲೆಯುದ್ದದ ಅರ್ಧ ಇರಬೇಕು. 53 ಮೆಗಾಹರ್ಟ್ಸ್‌ಗೆ 2.83 ಮೀಟರ್, ಅಂದರೆ 105ರಿಂದ 120 ಹರ್ಟ್ಸ್‌ನ ಶಬ್ದ. ಅದರ ವೇಗದಿಂದ ತಾಪಮಾನ ನೇರವಾಗಿ ಬರುತ್ತದೆ, ಹವಾಮಾನ ವಲಯದಲ್ಲಿ ಬಹಳ ಒಳ್ಳೆಯ ವಿಧಾನ. ಆದರೆ ಮೇಲೆ ಹೋದಂತೆ ಗಾಳಿ ಶಬ್ದದ ಅಲೆಗಳನ್ನು ಪಕ್ಕಕ್ಕೆ ಹೊತ್ತೊಯ್ಯುತ್ತದೆ, ಎಕೋ ಆಂಟೆನಾಗೆ ಮರಳದೆ ಬೇರೆಲ್ಲೋ ಬೀಳುತ್ತದೆ, ಅಷ್ಟರಲ್ಲಿ ಶಬ್ದವೂ ಕ್ಷೀಣಿಸಿರುತ್ತದೆ. ಹತ್ತಿಪ್ಪತ್ತು ಕಿ.ಮೀ. ದಾಟಿಸುವುದೇ ಕಷ್ಟ.

110 ಕಿ.ಮೀ. ಮೇಲೆ ಬೇಕಾದದ್ದು ಇನ್‌ಕೊಹೆರೆಂಟ್ ಸ್ಕ್ಯಾಟರ್ ರೇಡಾರ್, ಅಂದರೆ ಅಯಾನುಗೋಳದ ಎಲೆಕ್ಟ್ರಾನ್‌ಗಳಿಂದ ಚದುರಿ ಬರುವ ದುರ್ಬಲ ಎಕೋ ಹಿಡಿಯುವ ರೇಡಾರ್. 1958ರಲ್ಲಿ ವಿಲಿಯಂ ಗಾರ್ಡನ್ ಇದರ ಸಾಧ್ಯತೆಯನ್ನು ಮುಂದಿಟ್ಟರು, ಅದೇ ವರ್ಷ ಕೆನೆತ್ ಬೋಲ್ಸ್ ಅಮೆರಿಕದ ಇಲಿನಾಯ್‌ನಲ್ಲಿ 41 ಮೆಗಾಹರ್ಟ್ಸ್‌ನಲ್ಲಿ ಎಕೋ ಕಂಡರು. ಎಲೆಕ್ಟ್ರಾನ್‌ಗಳ ವೇಗಕ್ಕೆ ತಕ್ಕಂತೆ ಸ್ಪೆಕ್ಟ್ರಂ ಬಹಳ ಅಗಲ ಇರುತ್ತದೆ ಎಂಬ ಲೆಕ್ಕವಿತ್ತು. ಬಂದದ್ದು ಕಿರಿದಾದ ಸ್ಪೆಕ್ಟ್ರಂ. ಎಲೆಕ್ಟ್ರಾನ್‌ಗಳ ಚದುರುವಿಕೆಯನ್ನು ಭಾರವಾದ ಅಯಾನುಗಳೇ ನಡೆಸುತ್ತವೆ ಎನ್ನುವುದು ಇದರಿಂದ ತಿಳಿಯಿತು. ತಾಪಮಾನ ಸಿಗುವುದೂ ಇದರಿಂದಲೇ.

430 ಮೆಗಾಹರ್ಟ್ಸ್ ರೇಡಾರ್ ತೆಗೆದುಕೊಳ್ಳಿ. ಆಕ್ಸಿಜನ್ ಅಯಾನು, ಎಲೆಕ್ಟ್ರಾನ್ ಮತ್ತು ಅಯಾನು ಎರಡೂ 1000 ಕೆಲ್ವಿನ್ ಇದ್ದರೆ ಸ್ಪೆಕ್ಟ್ರಂನಲ್ಲಿ ನಡುಬಿಂದುವಿನಿಂದ ಆಚೀಚೆ ಸುಮಾರು 4 ಕಿಲೋಹರ್ಟ್ಸ್ ದೂರದಲ್ಲಿ ಎರಡು ಗೂನುಗಳು. ಅಗಲದಿಂದ ಅಯಾನು ತಾಪಮಾನ ಮತ್ತು ದ್ರವ್ಯರಾಶಿಯ ಅನುಪಾತ ಸಿಗುತ್ತದೆ. ಗೂನುಗಳ ನಡುವಿನ ತಗ್ಗು ಎಷ್ಟು ಆಳ ಎನ್ನುವುದರಿಂದ ಎಲೆಕ್ಟ್ರಾನ್ ತಾಪಮಾನ ಅಯಾನಿಗಿಂತ ಎಷ್ಟು ಪಟ್ಟು ಎಂದು ತಿಳಿಯುತ್ತದೆ. ಎಲೆಕ್ಟ್ರಾನ್ ಬಿಸಿಯಾದಷ್ಟೂ ಗೂನು ಚೂಪು, ತಗ್ಗು ಆಳ.

ಕೆಡುವುದು ಎಲ್ಲಿ ಎಂದರೆ, ಮುಖ್ಯವಾಗಿ 150ರಿಂದ 250 ಕಿ.ಮೀ. ನಡುವೆ. ಕೆಳಗೆ ನೈಟ್ರಿಕ್ ಆಕ್ಸೈಡ್ ಮತ್ತು ಆಕ್ಸಿಜನ್ ಅಣುವಿನ ಅಯಾನುಗಳು, ಸರಾಸರಿ ದ್ರವ್ಯರಾಶಿ 30.5ರ ಸುಮಾರು, ಮೇಲೆ ಆಕ್ಸಿಜನ್ ಪರಮಾಣುವಿನದು, 16. ಈ ನಡುವಣ ವಲಯದಲ್ಲಿ ಮಿಶ್ರಣ ಎಷ್ಟು ಎಂದು ಮಾದರಿಯಿಂದ ತಂದು ಹಾಕುತ್ತಾರೆ. ನಿಜವಾಗಿ 800 ಕೆಲ್ವಿನ್‌ನಲ್ಲಿರುವ ಅಣು ಅಯಾನುಗಳನ್ನು ಪೂರಾ ಪರಮಾಣು ಅಯಾನು ಎಂದು ಫಿಟ್ ಮಾಡಿದರೆ 420 ಕೆಲ್ವಿನ್ ಬರುತ್ತದೆ. ಫಿಟ್ ಸುಂದರವಾಗಿಯೇ ಕೂರುತ್ತದೆ, ರೆಸಿಡ್ಯುಯಲ್ ಏನನ್ನೂ ಹೇಳುವುದಿಲ್ಲ. 200 ಕಿ.ಮೀ. ಹತ್ತಿರ ತಾಪಮಾನದ ರೇಖೆಯಲ್ಲಿ ಹಠಾತ್ ಕಚ್ಚು ಕಂಡರೆ ಅದನ್ನು ವಾತಾವರಣದ ಸುದ್ದಿ ಎನ್ನುವ ಮೊದಲು ಮಿಶ್ರಣದ ಮಾದರಿ ನೋಡಬೇಕು.

ಇನ್ನೊಂದು ಮಿತಿ ಡಿಬೈ ಉದ್ದದ್ದು, ಅಂದರೆ ಪ್ಲಾಸ್ಮಾದಲ್ಲಿ ಒಂದು ವಿದ್ಯುದಂಶದ ಪ್ರಭಾವ ಮರೆಯಾಗುವ ದೂರದ್ದು. ರೇಡಾರ್ ಅಲೆಯುದ್ದ ÷ 12.57 ಆ ಉದ್ದಕ್ಕಿಂತ ಸಾಕಷ್ಟು ದೊಡ್ಡದಿರಬೇಕು. ಹಗಲಿನಲ್ಲಿ ಘನ ಮೀಟರಿಗೆ 10¹¹ ಎಲೆಕ್ಟ್ರಾನ್, 1000 ಕೆಲ್ವಿನ್ ಇದ್ದರೆ ಡಿಬೈ ಉದ್ದ 7 ಮಿ.ಮೀ., ಯಾವ ರೇಡಾರ್‌ಗೂ ತೊಂದರೆ ಇಲ್ಲ. ರಾತ್ರಿ ಅಯಾನುಗೋಳದ ಇ ಪದರದಲ್ಲಿ 10⁹ಕ್ಕೆ ಇಳಿದರೆ, 300 ಕೆಲ್ವಿನ್‌ನಲ್ಲೂ ಅದು 3.8 ಸೆಂ.ಮೀ. ನಾರ್ವೆಯ ಟ್ರೋಮ್ಸೋದ 930 ಮೆಗಾಹರ್ಟ್ಸ್ ರೇಡಾರ್‌ಗೆ ಮಿತಿ 2.6 ಸೆಂ.ಮೀ., ಅಲ್ಲಿಗೆ ಅಯಾನು ರೇಖೆಯೇ (ಆ ಎರಡು ಗೂನಿನ ಸ್ಪೆಕ್ಟ್ರಂ) ಕರಗುತ್ತದೆ. ಅದೇ ಜಾಗದ 224 ಮೆಗಾಹರ್ಟ್ಸ್ ರೇಡಾರ್ ಬಳಸಿದರೆ 10 ಸೆಂ.ಮೀ. ಮೀರಿದ ಅವಕಾಶ ಸಿಗುತ್ತದೆ.

ಪಲ್ಸ್ ಆಯ್ಕೆಯನ್ನೂ ನೋಡಿ. ದೀರ್ಘ ಪಲ್ಸ್ 300 ಮೈಕ್ರೊಸೆಕೆಂಡ್ ಅಂದರೆ 45 ಕಿ.ಮೀ. ಎತ್ತರ ಒಂದಾಗಿ ಕಲಸುತ್ತದೆ. 300 ಕಿ.ಮೀ.ನಲ್ಲಿ ನಡೆಯುತ್ತದೆ, 120ರಲ್ಲಿ ನಡೆಯುವುದಿಲ್ಲ, ಅಲ್ಲಿ ತಾಪಮಾನ ಹತ್ತು ಕಿ.ಮೀ.ಗೆ ನೂರು ಕೆಲ್ವಿನ್‌ನಷ್ಟು ಏರುತ್ತದೆ. ಆ ಎತ್ತರಕ್ಕೆ ಆಲ್ಟರ್ನೇಟಿಂಗ್ ಕೋಡ್‌ನ (ಪಲ್ಸ್ ಒಳಗೆ ಫೇಸ್ ಬದಲಿಸಿ ಎತ್ತರಗಳನ್ನು ಬಿಡಿಸಿಕೊಳ್ಳುವ ಕ್ರಮ) ದತ್ತಾಂಶವನ್ನೇ ತೆಗೆದುಕೊಳ್ಳಿ.

ಅಯಾನು ತಾಪಮಾನವನ್ನು ಗಾಳಿಯ ತಾಪಮಾನ ಎಂದುಕೊಳ್ಳುವುದು ಸುಮಾರು 130 ಕಿ.ಮೀ. ಒಳಗೆ, ಶಾಂತ ದಿನಗಳಲ್ಲಿ ಸರಿ. ಧ್ರುವ ಪ್ರದೇಶದಲ್ಲಿ ಅಯಾನುಗಳು ಗಾಳಿಗಿಂತ ಸೆಕೆಂಡಿಗೆ 1000 ಮೀಟರ್ ಹೆಚ್ಚು ವೇಗದಲ್ಲಿ ಓಡಿದರೆ ಘರ್ಷಣೆಯಿಂದಲೇ ಅವು ಗಾಳಿಗಿಂತ 1000 ಕೆಲ್ವಿನ್‌ಗೂ ಹೆಚ್ಚು ಬಿಸಿಯಾಗುತ್ತವೆ. ಆ ಗಂಟೆಗಳನ್ನು ಬೇರೆ ಇಡಬೇಕು.

ಭಾರತದಲ್ಲಿ ಈ ಬಗೆಯ ರೇಡಾರ್ ಇಲ್ಲ. ಪೋರ್ಟೊ ರಿಕೊದ ಅರೆಸಿಬೊದಲ್ಲಿ 305 ಮೀಟರ್ ತಟ್ಟೆಯ ಮೇಲೆ ತೂಗುತ್ತಿದ್ದ ಉಪಕರಣ ವೇದಿಕೆ 2020ರ ಡಿಸೆಂಬರ್ 1ರಂದು ತಟ್ಟೆಯ ಮೇಲೇ ಕುಸಿದು ಬಿತ್ತು, ಆದರೆ ಅಲ್ಲಿನ 430 ಮೆಗಾಹರ್ಟ್ಸ್ ದಾಖಲೆಗಳು ಉಳಿದಿವೆ. ಪೆರುವಿನ ಹಿಕಮಾರ್ಕ 50 ಮೆಗಾಹರ್ಟ್ಸ್‌ನಲ್ಲಿ ಕಾಂತೀಯ ಸಮಭಾಜಕದ ಮೇಲೇ ಇದೆ. ದಕ್ಷಿಣ ಭಾರತದ ಅಯಾನುಗೋಳಕ್ಕೆ ಹೋಲಿಸಲು ನಾನು ಮೊದಲು ತೆರೆಯುವುದು ಅದನ್ನೇ. ಎರಡರ ದತ್ತಾಂಶವೂ ಮ್ಯಾಡ್ರಿಗಲ್ ಎಂಬ ಆನ್‌ಲೈನ್ ದತ್ತಾಂಶ ಭಂಡಾರದಲ್ಲಿ ಉಚಿತ. ಡೌನ್‌ಲೋಡ್ ಮಾಡುವಾಗ ತಾಪಮಾನದ ಕಾಲಂ ಜೊತೆ ದೋಷದ ಕಾಲಂ ಮತ್ತು ಮಿಶ್ರಣದ ಕಾಲಂ ಎರಡನ್ನೂ ಟಿಕ್ ಮಾಡಿ.

ಬಾನಂಗಳ

ಸೇಬರ್ ಹೋಲಿಕೆಯ ಬಗ್ಗೆ ಒಂದು ಸೇರಿಸಬೇಕು. ಉಲ್ಕೆಗಳು ಬೆಳಗಿನ 6ರ ಸುಮಾರಿಗೆ ಅತಿ ಹೆಚ್ಚು, ಸಂಜೆ 6ಕ್ಕೆ ಅತಿ ಕಡಿಮೆ. ದಿನದ ಎಲ್ಲ ಎಕೋ ಒಟ್ಟು ಹಾಕಿ ಫಿಟ್ ಮಾಡಿದರೆ ಬರುವುದು ಮುಂಜಾವಿನ ಕಡೆ ವಾಲಿದ ತಾಪಮಾನ, ಮತ್ತು 90 ಕಿ.ಮೀ.ನಲ್ಲಿ ದಿನದ ಏರಿಳಿತವೇ ಹತ್ತು ಕೆಲ್ವಿನ್ ದಾಟಬಲ್ಲದು. ಗಂಟೆಗಂಟೆಗೆ ಬೇರೆ ಫಿಟ್ ಮಾಡಲು ಹೋದರೆ 300 ಎಕೋಗೆ ಯಾದೃಚ್ಛಿಕ ದೋಷವೇ 6–7 ಕೆಲ್ವಿನ್ ಆಗುತ್ತದೆ. ಅದರ ಬದಲು ಪ್ರತಿ ಗಂಟೆಯಿಂದ ಸಮ ಸಂಖ್ಯೆಯ ಎಕೋ ಆರಿಸಿ, ಹಲವು ದಿನ ಸೇರಿಸಿ ಒಂದೇ ಫಿಟ್ ಮಾಡಿ.

ಸೇಬರ್ ಕೂಡ ಒಂದು ಜಾಗದ ಮೇಲೆ ಎಲ್ಲ ಗಂಟೆಗಳನ್ನೂ ಮುಗಿಸಲು ಸುಮಾರು 60 ದಿನ ತೆಗೆದುಕೊಳ್ಳುತ್ತದೆ. ಒಂದೇ ತಿಂಗಳ ಸರಾಸರಿ ಎಂದರೆ ಅದರಲ್ಲಿ ಕೆಲವು ಗಂಟೆಗಳು ಇರುವುದೇ ಇಲ್ಲ. ಸೇಬರ್ ಹಾದುಹೋದ ಗಂಟೆಗಳ ಎಕೋಗಳನ್ನೇ ಆರಿಸಿ ಹೋಲಿಸಿ, ಇಲ್ಲವೇ ಎರಡೂ ಕಡೆ 60 ದಿನದ ಸರಾಸರಿ ತೆಗೆಯಿರಿ. ಸೇಬರ್‌ನ ತಾಪಮಾನವನ್ನು ನಿಮ್ಮ ಎತ್ತರ ಹಂಚಿಕೆಯ ತೂಕದಲ್ಲಿ ಸರಾಸರಿ ಮಾಡಿಯೇ ಪಕ್ಕದಲ್ಲಿ ಇಡಿ, 90 ಕಿ.ಮೀ.ನ ಒಂದು ಬಿಂದುವಿನ ಅಂಕಿಗೂ 10 ಕಿ.ಮೀ. ಪದರದ ಇಳಿಜಾರಿಗೂ ಹೋಲಿಕೆ ಕೂಡುವುದಿಲ್ಲ. ಪ್ಲಾಟ್‌ನಲ್ಲಿ ಎತ್ತರ ಬರೆಯುವಾಗಲೂ 90 ಎಂದು ದುಂಡಗೆ ಬರೆಯದೆ ಆ ತಿಂಗಳ ಹಂಚಿಕೆಯ ಶಿಖರ ಎಲ್ಲಿತ್ತೋ ಅದನ್ನೇ ಬರೆಯಿರಿ.